ಟೀ ಶರ್ಟಿನ ಮೇಲಿನ ನಾಲಿಗೆ

ಇವತ್ತು ಬಳ್ಳಾರಿಯ ಕನಕ ದುರ್ಗಮ್ಮನ ಗುಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗನ ಕರಿ ಟೀ ಶರ್ಟಿನ ಬೆನ್ನ ಮೇಲೆ, ದಪ್ಪ ತುಟಿಗಳ ನಡುವಿನಿಂದ ಹೊರಚಾಚಿದ ಕೆಂಪು ನಾಲಿಗೆಯೊಂದಿತ್ತು.

ಅದು ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ಗುರುತೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅಮ್ಮನ ಸನ್ನಿಧಿಗೆ ಮಾತ್ರ ಅದು ತೀರಾ ಹೊರಗಿನದಲ್ಲ. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ತಂಡದ ಗಾಯಕ ಮಿಕ್ ಜಾಗರ್, 1970ರಲ್ಲಿ ಜಾನ್ ಪಾಷ್ ಎಂಬ ಕಲಾ ವಿದ್ಯಾರ್ಥಿಗೆ ನಾಲಿಗೆ ಚಾಚಿದ ಕಾಳಿಯ ಚಿತ್ರವನ್ನು ತೋರಿಸಿದ್ದರಿಂದಲೇ ಆ ರೂಪ ಮೂಡಿತು. ಆಗ ಸಿಕ್ಕ ಸಂಭಾವನೆ ಬರೀ 50 ಪೌಂಡ್. ಅದನ್ನು ಅಮೆರಿಕದ ಹೆಸರಾಂತ ಚಿತ್ರಕಲಾವಿದ ಆಂಡಿ ವಾರ್ಹಾಲ್ ಬರೆದರೆಂದು ನಂಬಿದವರು ಇಂದಿಗೂ ಇದ್ದಾರೆ, ಪಾಪ, ಪಾಷ್.

ನನಗೆ ಇದಕ್ಕಿಂತ ಹೆಚ್ಚು ಕಾಡುವವರು ಇಯಾನ್ ಸ್ಟೀವರ್ಟ್. ತಂಡ ಕಟ್ಟಿದವರಲ್ಲಿ ಒಬ್ಬರಾದ ಈ ಪಿಯಾನೋ ವಾದಕರನ್ನು, ಒಂದು ತಂಡಕ್ಕೆ ಆರು ಜನ ಹೆಚ್ಚಾಯಿತು, ಅವರ ಚಹರೆಯೂ ಹೊಂದುವುದಿಲ್ಲ ಎಂದು 1963ರಲ್ಲಿ ಮ್ಯಾನೇಜರ್ ಕೈಬಿಟ್ಟರು. ಅವರು ಮುನಿಸಿಕೊಂಡು ಹೋಗಲಿಲ್ಲ. ವ್ಯಾನ್ ಓಡಿಸುತ್ತ, ವಾದ್ಯಗಳನ್ನು ಸಾಗಿಸುತ್ತ, ಕರೆದಾಗ ಪಿಯಾನೋ ನುಡಿಸುತ್ತ 1985ರಲ್ಲಿ ತೀರಿಕೊಳ್ಳುವವರೆಗೂ ಅದೇ ತಂಡದೊಂದಿಗಿದ್ದರು. 1989ರಲ್ಲಿ ರಾಕ್ ಸಂಗೀತದ ಸಾಧಕರನ್ನು ಗೌರವಿಸುವ ಅಮೆರಿಕದ ಸಂಸ್ಥೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಈ ತಂಡವನ್ನು ಗೌರವಿಸಿದಾಗ, ಪಟ್ಟಿಯಲ್ಲಿ ಅವರ ಹೆಸರೂ ಸೇರಿತ್ತು.