ಆ ಕಾರಿಗೆ ಸ್ವಿಫ್ಟ್ ಎಂಜಿನ್ ಯಾಕೆ ಹಾಕಲಿಲ್ಲ?

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಟೀ ಕುಡಿಯಲು ನಿಂತರೆ ಸಾಕು, ಯಾರಾದರೂ ಬಂದು ನನ್ನ ಕಾರಿನ ಸುತ್ತ ಒಂದು ಸುತ್ತು ಹಾಕುತ್ತಾರೆ. "ಫಾರಿನ್ ಗಾಡೀನಾ ಅಣ್ಣಾ?" ಅಂತ ಕೇಳುತ್ತಾರೆ. ಅಲ್ಲ, ನಮ್ಮದೇ. ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಕಂಪನಿಯೊಂದು 1990ರ ದಶಕದ ಕೊನೆಯಲ್ಲಿ ತಂದ ಎರಡು ಸೀಟಿನ ಕಾರು. ಫೈಬರ್ ಬಾಡಿ, ಗೋವಾದಲ್ಲಿ ತಯಾರಾಗುತ್ತಿತ್ತು. ಎಂಜಿನ್ ಮಾತ್ರ ರೆನೋ ಕಂಪನಿಯದು. ಡಿ7ಎಫ್ ಅಂತ ಅದರ ಹೆಸರು, 1149 ಸಿಸಿ, ಎಂಟು ವಾಲ್ವ್, ಸುಮಾರು 60 ಬಿಎಚ್‌ಪಿ.

ಆ ಎಂಜಿನ್ ಹಾಳಾಗಿ, ಅಪಘಾತವಾದ ಇನ್ನೊಂದು ಸ್ಟಾರ್ಮ್‌ನ ಎಂಜಿನ್ ತಂದು ಮನೆಯ ಹಿತ್ತಲಲ್ಲೇ ಕೂರಿಸಿದೆ ಅಂತ ಹೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಅದೇ ಹಳೇ ಎಂಜಿನ್ ಹುಡುಕ್ತಾ ಎಂಟು ತಿಂಗಳು ಕೂತ್ರಲ್ಲ, ಒಂದು ಸ್ವಿಫ್ಟ್ ಎಂಜಿನ್ ಹಾಕಿದ್ರೆ ಆಗ್ತಿರ್ಲಿಲ್ವಾ?"

ಕೇಳುವುದರಲ್ಲಿ ತಪ್ಪಿಲ್ಲ. 2005ರಲ್ಲಿ ಬಂದ ಮೊದಲ ಸ್ವಿಫ್ಟ್‌ನ 1.3 ಪೆಟ್ರೋಲ್ ಎಂಜಿನ್ ಒಳ್ಳೆಯ ಎಂಜಿನ್. 87 ಬಿಎಚ್‌ಪಿ ಕೊಡುತ್ತದೆ. ಯಾವ ಗುಜರಿಗೆ ಹೋದರೂ ಸಿಗುತ್ತದೆ, ಬಿಡಿಭಾಗ ಸಂದಿಗೊಂದಿಯಲ್ಲೂ ಸಿಗುತ್ತವೆ. ನಾನೂ ಮೊದಲು ಅದನ್ನೇ ಯೋಚಿಸಿದ್ದೆ. ಟೇಪ್ ಹಿಡಿದು ಬಾನೆಟ್ ಒಳಗೆ ಅಳತೆಯನ್ನೂ ತೆಗೆದಿದ್ದೆ.

ಮೊದಲು ಎಂಜಿನ್ ಹೇಗೆ ಹೋಯಿತು ಅಂತ ಹೇಳುತ್ತೇನೆ. ನಾನು ಕಾರು ಕೊಳ್ಳುವ ಮೊದಲು ಯಾವುದೋ ಗ್ಯಾರೇಜಿನಲ್ಲಿ ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್ ನೀರು ಹಾಕುತ್ತಾ ಬಂದಿದ್ದರು. ನಮ್ಮ ಕಡೆಯ ಬೋರ್ ನೀರು ಹೇಗಿರುತ್ತದೆ ಅಂತ ಗೊತ್ತಲ್ವಾ? ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ಸಲ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದೇ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟಿತ್ತು. ಮೇ ತಿಂಗಳ ಮಧ್ಯಾಹ್ನ, ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಬರುತ್ತಿದ್ದೆ. ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ನೆರಳು ಸಿಗಲಿ ಅಂತ ಇನ್ನೂ ನಾಲ್ಕು ಕಿಲೋಮೀಟರ್ ಓಡಿಸಿದೆ. ಅಲ್ಲೇ ನಿಲ್ಲಿಸಿದ್ದರೆ ಎಂಜಿನ್ ಉಳಿಯುತ್ತಿತ್ತು. ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಅಲ್ಯೂಮಿನಿಯಂ, ಬೇಗ ಬಾಗುತ್ತದೆ. ಎರಡು ಮತ್ತು ಮೂರನೇ ಸಿಲಿಂಡರ್‌ಗಳ ನಡುವೆ ಗ್ಯಾಸ್ಕೆಟ್ ಸುಟ್ಟಿತ್ತು. ಮೂರನೆಯದರ ಗೋಡೆಯಲ್ಲಿ ಉಗುರಿಗೆ ತಾಗುವಷ್ಟು ಆಳದ ಗೀರು ಬಿದ್ದಿತ್ತು.

ಈಗ ಸ್ವಿಫ್ಟ್ ವಿಷಯ. ಎಂಜಿನ್ ಒಂದನ್ನೇ ತಂದು ಕೂರಿಸಲು ಆಗುವುದಿಲ್ಲ. ಅದರ ಜೊತೆ ಅದರ ಗೇರ್‌ಬಾಕ್ಸ್ ಬರಬೇಕು. ಗೇರ್‌ಬಾಕ್ಸ್ ಬದಲಾದರೆ ಡ್ರೈವ್ ಶಾಫ್ಟ್‌ಗಳ ಉದ್ದ ಬದಲಾಗುತ್ತದೆ. ಒಳಗಿನ ತುದಿ ಮಾರುತಿಯದು, ಚಕ್ರದ ಕಡೆಯ ತುದಿ ಸ್ಟಾರ್ಮ್‌ನದು ಅಂತ ಎರಡು ಶಾಫ್ಟ್ ಕತ್ತರಿಸಿ ಬೆಸೆಯಬೇಕು. ನೂರರ ವೇಗದಲ್ಲಿ ತಿರುಗುವ ಶಾಫ್ಟ್‌ಗೆ ಬೆಸುಗೆ ಹಾಕಿ ನಂಬುವ ಧೈರ್ಯ ನನಗಿಲ್ಲ. ಮೌಂಟಿಂಗ್ ಹೊಸದಾಗಿ ಮಾಡಬೇಕು, ಗೇರ್ ಲಿಂಕೇಜ್ ಬದಲಿಸಬೇಕು, ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಮತ್ತು ವೈರಿಂಗ್ ಪೂರ್ತಿ ಬೇರೆ. ಒಂದು ಸುಲಭದ ದಾರಿ ಹಿಡಿಯಲು ಹೋಗಿ ಹತ್ತು ಹೊಸ ಕೆಲಸ ತಲೆ ಮೇಲೆ ಬರುತ್ತವೆ. ಆ ಹತ್ತರಲ್ಲಿ ಒಂದಕ್ಕೂ ನೋಡಿಕೊಳ್ಳಲು ಮಾದರಿ ಇರುವುದಿಲ್ಲ. ಅದೇ ಎಂಜಿನ್ ಹಾಕಿದರೆ ಪ್ರತಿ ಬೋಲ್ಟ್‌ಗೂ ಅದರ ತೂತು ಕಾಯುತ್ತಿರುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ಕಂಪನಿಯ, ಅದೇ ಬಗೆಯ ಎಂಜಿನ್ ಆದರೆ ಆರ್‌ಟಿಒ ಒಪ್ಪಿಗೆ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳುವ ದಾರಿ ಇದೆ. ಇನ್ಶೂರೆನ್ಸ್‌ನವರಿಗೂ ಆ ನಂಬರ್ ಕೊಡಬೇಕು. ಅದಕ್ಕೇ ಎಂಜಿನ್ ತರುವಾಗ ಆ ಕಾರಿನ ಆರ್‌ಸಿ ನಕಲು, ಮಾರಿದವರ ಸಹಿಯ ಕಾಗದ ಎರಡನ್ನೂ ತಂದೆ. ಕಾಗದ ಇಲ್ಲದ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ. ಅದು ಎಲ್ಲಿಂದ ಬಂತು ಅಂತ ನಾಳೆ ಉತ್ತರ ಕೊಡಬೇಕಾದವರು ನೀವು.

ಆ ಕಾರು ಸಿಕ್ಕಿದ್ದು ಗೋವಾ ಕಡೆಯ ಒಬ್ಬರ ಶೆಡ್ಡಿನಲ್ಲಿ. ಹಿಂದಿನಿಂದ ಗುದ್ದಿಸಿಕೊಂಡಿತ್ತು. ಫೈಬರ್ ಬಾಡಿ ಹಪ್ಪಳದ ಹಾಗೆ ಒಡೆದಿತ್ತು, ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಮಾಲೀಕರು ಒಳ್ಳೆಯವರು, ಎಂಜಿನ್ ಬಿಚ್ಚುವ ಮೊದಲೇ ಪರೀಕ್ಷೆ ಮಾಡಲು ಬಿಟ್ಟರು. ಹಳೇ ಎಂಜಿನ್ ಕೊಳ್ಳುವವರು ಇದೊಂದನ್ನು ಮಾತ್ರ ಬಿಡಬಾರದು. ಫುಲ್ ಚಾರ್ಜ್ ಆದ ಬ್ಯಾಟರಿ ಹಾಕಿ, ಪೆಟ್ರೋಲ್ ಪಂಪಿನ ಫ್ಯೂಸ್ ಮತ್ತು ಕಾಯಿಲ್ ಕನೆಕ್ಷನ್ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟುಕೊಂಡು ಸೆಲ್ಫ್ ಹೊಡೆಯಬೇಕು. ಪ್ರತಿ ಸಿಲಿಂಡರ್‌ಗೂ ಕಂಪ್ರೆಷನ್ ಗೇಜ್, ಅಂದರೆ ಒಳಗಿನ ಒತ್ತಡ ಅಳೆಯುವ ಮೀಟರ್ ಹಾಕಿ ನೋಡಬೇಕು. ನನಗೆ ಬಂದದ್ದು 172, 168, 170, 138 ಪಿಎಸ್‌ಐ.

ನಾಲ್ಕನೆಯದು ನೋಡಿ ಎದೆ ಧಸಕ್ಕೆಂದಿತು. ಎಷ್ಟು ಬಂತು ಅನ್ನುವುದಕ್ಕಿಂತ ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನುವುದೇ ಮುಖ್ಯ. ಒಂದು ಚಮಚ ಎಂಜಿನ್ ಆಯಿಲ್ ಆ ಸಿಲಿಂಡರ್‌ಗೆ ಬಿಟ್ಟು ಮತ್ತೆ ನೋಡಿದೆ. 160ಕ್ಕೆ ಏರಿತು. ಆಯಿಲ್ ಬಿಟ್ಟ ಮೇಲೆ ಏರಿದರೆ ಸೋರುವುದು ಪಿಸ್ಟನ್ ಸುತ್ತ ಇರುವ ರಿಂಗ್ ಕಡೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ. ಎರಡು ವರ್ಷ ನಿಂತಿದ್ದ ಎಂಜಿನ್‌ನಲ್ಲಿ ರಿಂಗ್ ಒಣಗಿ ಹಿಡಿದುಕೊಂಡಿರುವುದು ಸಹಜ, ಓಡಿದ ಮೇಲೆ ಸರಿಹೋಗಬಹುದು ಅಂದುಕೊಂಡೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣ ಇರಲಿಲ್ಲ, ಅಂದರೆ ನೀರು ಸೇರಿಲ್ಲ. ತಗೊಂಡೆ.

ಬಳ್ಳಾರಿಯಲ್ಲಿ ಎಂಜಿನ್ ಬಿಚ್ಚಿಡುವವರಿಗೆ ಒಂದು ವಿಶೇಷ ತಲೆನೋವು ಇದೆ. ಕೆಂಪು ಧೂಳು. ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಆ ಧೂಳು ಇನ್‌ಟೇಕ್ ಒಳಗೆ ಹೋದರೆ ಸಿಲಿಂಡರ್ ಗೋಡೆಗೆ ಉಪ್ಪಿನ ಕಾಗದ ಉಜ್ಜಿದ ಹಾಗೆಯೇ. ಅದಕ್ಕೆ ಬಿಚ್ಚಿದ ಪ್ರತಿ ತೂತಿಗೂ ಅವತ್ತೇ ಪ್ಲಾಸ್ಟಿಕ್ ಕಟ್ಟಿದೆ. ಬಟ್ಟೆ ತುರುಕಲಿಲ್ಲ, ಮರೆತು ಒಳಗೇ ಉಳಿದುಬಿಡುತ್ತದೆ. ಗಾಳಿ ಬೀಸಿದ ದಿನ ಕೆಲಸವನ್ನೇ ನಿಲ್ಲಿಸಿದೆ. ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್, ಕ್ಲಚ್ ಸೆಟ್ ಎಲ್ಲ ಹೊಸದು ಹಾಕಿದೆ. ರೇಡಿಯೇಟರ್ ಕೂಡ ಹೊಸದು. ಇವನ್ನು ಆಮೇಲೆ ನೋಡೋಣ ಅಂತ ಬಿಟ್ಟರೆ ಮತ್ತೆ ಎಂಜಿನ್ ಇಳಿಸಬೇಕಾಗುತ್ತದೆ.

ಎತ್ತುವುದು ಹೇಗೆ ಅಂತಲೂ ಕೇಳುತ್ತಾರೆ. ನಮ್ಮ ಊರಲ್ಲಿ ಅದು ಕಷ್ಟವೇ ಅಲ್ಲ. ಬೋರ್‌ವೆಲ್ ಮೋಟರ್ ಎತ್ತುವವರ ಹತ್ತಿರ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್, ಒಂದು ಟನ್ನಿನ ಚೈನ್ ಪುಲ್ಲಿ ಎರಡೂ ಇರುತ್ತವೆ. ಪಕ್ಕದ ಓಣಿಯ ತಿಪ್ಪೇಸ್ವಾಮಿ ಅಣ್ಣ ಒಂದು ಭಾನುವಾರಕ್ಕೆ ಕೊಟ್ಟರು, ತಾವೂ ಬಂದರು. ಎಂಜಿನ್, ಗೇರ್‌ಬಾಕ್ಸ್ ಸೇರಿ ನೂರು ಕಿಲೋಗಿಂತ ಜಾಸ್ತಿ. "ತೂಗಾಡೋ ಮಾಲಿನ ಕೆಳಗೆ ಕೈ ಇಡಬಾರ್ದಪ್ಪ, ಬೋಲ್ಟ್ ಬಿದ್ರೆ ಬೀಳ್ಲಿ" ಅಂತ ಅವರು ಪ್ರತಿ ಸಲ ಹೇಳುತ್ತಿದ್ದರು. ನಾನು ಪ್ರತಿ ಸಲ ಕೈ ಹಿಂದಕ್ಕೆ ತೆಗೆಯುತ್ತಿದ್ದೆ.

ಗೇರ್‌ಬಾಕ್ಸ್ ಕೂಡಿಸುವಾಗ ಅರ್ಧ ದಿನ ಹೋಯಿತು. ಕ್ಲಚ್ ಪ್ಲೇಟ್ ಒಂದು ಕೂದಲಷ್ಟು ಪಕ್ಕಕ್ಕಿದ್ದರೂ ಶಾಫ್ಟ್ ಒಳಗೆ ಹೋಗುವುದಿಲ್ಲ. ಬೋಲ್ಟ್ ಬಿಗಿದು ಎಳೆದುಕೊಂಡರೆ ಹೌಸಿಂಗ್ ಸೀಳುತ್ತದೆ. ಲೇತ್ ಅಂಗಡಿಯ ಚಾಚಾ ಹಳೇ ಕ್ಲಚ್ ಪ್ಲೇಟ್ ನೋಡಿ, ಅದೇ ಅಳತೆಗೆ ಒಂದು ನೈಲಾನ್ ರಾಡ್ ತಿರುಗಿಸಿ ಕೊಟ್ಟರು. ಅದನ್ನು ಮಧ್ಯಕ್ಕೆ ಹಾಕಿ ಪ್ರೆಷರ್ ಪ್ಲೇಟ್ ಬಿಗಿದ ಮೇಲೆ ಗೇರ್‌ಬಾಕ್ಸ್ ಸಲೀಸಾಗಿ ಒಳಗೆ ಜಾರಿತು. ಆ 'ಟಕ್' ಸದ್ದು ಇನ್ನೂ ಕಿವಿಯಲ್ಲಿದೆ.

ವೈರಿಂಗ್‌ಗೆ ಒಂದು ಗಂಟೆ. ಅದೇ ಎಂಜಿನ್ ಅಲ್ವಾ, ಅದೇ ಸಾಕೆಟ್. ಆದರೆ ಅಲ್ಲೇ ನಾನು ಒಂದು ತಪ್ಪು ಮಾಡಿದೆ. ಮೊದಲ ಸಲ ಸೆಲ್ಫ್ ಹೊಡೆದಾಗ ಎಂಜಿನ್ ಒಂದು ಸಲ ನರಳಿ ನಿಂತಿತು, ಕ್ಲಚ್ ಕೇಬಲ್‌ನಿಂದ ಹೊಗೆ ಬಂತು. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್‌ಗೆ ಬರುವ ದಪ್ಪ ಅರ್ತ್ ಪಟ್ಟಿಯನ್ನು ಕೂಡಿಸಲು ಮರೆತಿದ್ದೆ. ಸೆಲ್ಫ್ ಎಳೆಯುವ ಕರೆಂಟಿಗೆ ವಾಪಸ್ ಹೋಗಲು ದಾರಿ ಬೇಕು. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಸಿಕ್ಕ ತೆಳು ತಂತಿಯಲ್ಲೇ ಅದು ಹರಿಯಿತು, ಕೇಬಲ್ ಸುಟ್ಟಿತು. ಫೈಬರ್ ಬಾಡಿ ಕಾರು ಇಟ್ಟುಕೊಂಡವರು ಪ್ರತಿ ಅರ್ತ್ ವೈರಿನ ತುದಿಯನ್ನೂ ಹೊಳೆಯುವ ಹಾಗೆ ಉಜ್ಜಿ ಕೂಡಿಸಿ. ಲೈಟ್ ಮಂಕಾಗಿದ್ದರೂ, ಫ್ಯಾನ್ ನಿಧಾನವಾಗಿದ್ದರೂ ಮೊದಲು ಅರ್ತ್ ನೋಡಿ.

ಹೊಸ ಕೇಬಲ್ ಬರಲು ಒಂಬತ್ತು ದಿನ ಆಯಿತು. ಆಮೇಲೆ ಪ್ಲಗ್ ಬಿಚ್ಚಿಟ್ಟು, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆದೆ. ಬೇರಿಂಗ್‌ಗಳಿಗೆ ಆಯಿಲ್ ತಲುಪುವ ಮೊದಲು ಎಂಜಿನ್ ಚಾಲೂ ಆಗಬಾರದು. ಪ್ಲಗ್ ಹಾಕಿ ಕೀ ತಿರುಗಿಸಿದೆ. ಮೂರನೇ ಸಲಕ್ಕೆ ಹಿಡಿಯಿತು. ತಿಪ್ಪೇಸ್ವಾಮಿ ಅಣ್ಣ ಕೈ ಮುಗಿದರು. ನನಗೆ ಕಣ್ಣು ತುಂಬಿತು. ಫ್ಯಾನ್ ತಾನಾಗಿ ತಿರುಗಿ, ಮುಳ್ಳು ಮಧ್ಯಕ್ಕೆ ಇಳಿಯುವವರೆಗೆ ಯಾರೂ ಟೀ ಕುಡಿಯಲು ಹೋಗಲಿಲ್ಲ.

ಇದಾಗಿ 2,300 ಕಿಲೋಮೀಟರ್ ಓಡಿದೆ. ಹೋದ ವಾರ ಮತ್ತೆ ಕಂಪ್ರೆಷನ್ ನೋಡಿದೆ, ನಾಲ್ಕನೇ ಸಿಲಿಂಡರ್ 161. ಈ ಸಲ ಆಯಿಲ್ ಬಿಡದೆಯೇ. ಹಳೇ ಎಂಜಿನ್ ಚಾಚಾನ ಲೇತ್ ಅಂಗಡಿಯಲ್ಲಿದೆ. ಗೀರು ಬಿದ್ದ ಸಿಲಿಂಡರ್ ಒಳಗೆ ಸ್ಲೀವ್, ಅಂದರೆ ಹೊಸ ಕೊಳವೆ ಹೊಡೆದು ಮತ್ತೆ 69 ಮಿ.ಮೀ. ಒಳ ಅಳತೆಗೆ ತರುತ್ತೇನೆ ಅಂತ ಅವರು ಒಪ್ಪಿದ್ದಾರೆ. ಬಾಗಿದ್ದ ಹೆಡ್ ಅನ್ನು ಸಮ ಮಾಡುವ ಫೇಸಿಂಗ್ ಆಗಿದೆ. ಈಗ ಬೇಕಿರುವುದು ಡಿ7ಎಫ್‌ನ ಒಂದು ಸ್ಟ್ಯಾಂಡರ್ಡ್ ಸೈಜ್ ಪಿಸ್ಟನ್ ಸೆಟ್, ರಿಂಗ್ ಸಮೇತ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಬಂದು ತಗೊಂಡು ಹೋಗುತ್ತೇನೆ.