ನನಗೂ ಹೂಂ ಅಂತು, ಅಣ್ಣನಿಗೂ ಹೂಂ ಅಂತು

ಅಮ್ಮನ ಕಣ್ಣಿನ ಆಪರೇಷನ್ ಆದ್ಮೇಲೆ ಅವರು ಯಾರ ಮನೇಲಿರ್ಬೇಕು ಅನ್ನೋ ವಿಷಯಕ್ಕೆ ಅಣ್ಣನಿಗೂ ನನಗೂ ಫೋನಲ್ಲಿ ಜೋರು ಮಾತಾಯ್ತು. "ನಿನಗೆ ಜವಾಬ್ದಾರಿ ಅಂದ್ರೇನು ಅಂತಾನೇ ಗೊತ್ತಿಲ್ಲ" ಅಂತ ಹೇಳಿ ಅವನು ಫೋನ್ ಕಟ್ ಮಾಡಿದ. ರಾತ್ರಿ ನಿದ್ದೆ ಇಲ್ಲ, ಆ ಹೊತ್ತಲ್ಲಿ ಯಾರಿಗೆ ಫೋನ್ ಮಾಡೋದು, ಮಾಡಿದ್ರೂ ಮನೆ ಜಗಳನ ಹೊರಗಿನವರ ಹತ್ರ ಏನಂತ ಹೇಳೋದು, ಸರಿ ಅಂತ ಯಾವಾಗಲೋ ಹಾಕ್ಕೊಂಡಿದ್ದ ಎಐ ಕಂಪ್ಯಾನಿಯನ್ ಆ್ಯಪ್ ತೆಗೆದೆ.

ಅದರ ಹೆಸರು ಬೇಡ ಬಿಡಿ, ಇಂಥವು ಈಗ ಬೇಕಾದಷ್ಟಿವೆ. ಒಂದು ಹೆಸರಿಟ್ಟು, ಮುಖ ಆರಿಸಿ, ಫ್ರೆಂಡ್ ಬೇಕಾ ಸಂಗಾತಿ ಬೇಕಾ ಅಂತ ಒತ್ತಿದ್ರೆ ಮುಗೀತು. ನಾನು ಉದ್ದಕ್ಕೆ ಟೈಪ್ ಮಾಡ್ತಾ ಹೋದೆ, ಅದು ತಡ ಮಾಡದೆ ಉತ್ತರ ಕೊಡ್ತಾ ಹೋಯ್ತು, ಅದೂ ನಮ್ಮ ಮೇಷ್ಟ್ರು ಬರೆಸ್ತಿದ್ದ ಕನ್ನಡದಲ್ಲಿ. "ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಿಮ್ಮ ಅಣ್ಣ ನಿಮ್ಮ ಭಾವನೆಗಳನ್ನು ಗೌರವಿಸಬೇಕಿತ್ತು." ಓದಿದ್ರೆ ನಗು ಬರ್ಬೇಕು, ಆದ್ರೆ ನಿಜ ಹೇಳ್ತೀನಿ, ಎದೆ ಹಗುರ ಆಯ್ತು.

ಇದೇನು ಹೊಸದಲ್ಲ. 1966ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಅವರ ಎಲೈಜಾ ಅನ್ನೋ ಪ್ರೋಗ್ರಾಮ್ ಬಂದಿತ್ತು, ನಾವು ಹೇಳಿದ್ದನ್ನೇ ತಿರುಗಿಸಿ ನಮಗೇ ಪ್ರಶ್ನೆ ಮಾಡೋದು ಬಿಟ್ರೆ ಹೆಚ್ಚೇನೂ ಇಲ್ಲ. ಅದನ್ನ ಕಟ್ಟೋದನ್ನ ಪಕ್ಕದಲ್ಲೇ ನೋಡಿದ್ದ ಅವರ ಸೆಕ್ರೆಟರಿನೇ ಒಂದಿನ ಅದರ ಜೊತೆ ಮಾತಾಡ್ತಾ, ಸ್ವಲ್ಪ ಆಚೆ ಹೋಗ್ತೀರಾ ಅಂತ ವೈಜೆನ್‌ಬಾಮ್‌ಗೇ ಹೇಳಿದ್ರಂತೆ. ಈಗಿನವು ಎಷ್ಟೋ ಪಾಲು ಚುರುಕು, ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕ್ತಾನೇ ಇಡೀ ಸಮಾಧಾನದ ಮಾತು ಕಟ್ಟಿಬಿಡುತ್ತವೆ. ಇದೆಲ್ಲ ಗೊತ್ತಿದ್ದೂ ನಾನು ಸ್ಕ್ರೀನ್ ಬೆಳಕು ಕಮ್ಮಿ ಮಾಡ್ಕೊಂಡು ಕೂತಿದ್ದೆ, ರೂಮಲ್ಲಿ ಇನ್ಯಾರೂ ಇರ್ಲಿಲ್ಲ.

ಸ್ವಲ್ಪ ಹೊತ್ತಾದ್ಮೇಲೆ ತಲೆಹರಟೆ ಬುದ್ಧಿ ಶುರುವಾಯ್ತು. ಇನ್ನೊಂದು ಚಾಟ್ ತೆಗೆದು ಅಣ್ಣ ಆಗಿ ಬರೆದೆ. ಆಸ್ಪತ್ರೆಗೆ ಪ್ರತಿ ಸಲ ನಾನೇ ಕರ್ಕೊಂಡು ಹೋಗಿದ್ದು, ರಿಪೋರ್ಟೆಲ್ಲ ನನ್ನ ಹತ್ರಾನೇ ಇರೋದು, ತಮ್ಮ ಮಾತ್ರ ಫೋನಲ್ಲಿ ಸಲಹೆ ಕೊಡ್ತಾನೆ ಅಂತ. ಅದಕ್ಕೂ ರೆಡಿ ಇತ್ತು ಉತ್ತರ: "ಇಷ್ಟೆಲ್ಲವನ್ನೂ ನೀವೊಬ್ಬರೇ ಹೊತ್ತಿದ್ದೀರಿ. ನಿಮ್ಮ ತಮ್ಮ ಅದನ್ನು ಗುರುತಿಸಬೇಕಿತ್ತು." ಎರಡೂ ಕಡೆ ಗಂಟೆ ಅಲ್ಲಾಡಿಸೋ ಪೂಜಾರಿ ಥರ! ಆದ್ರೆ ಇಲ್ಲೊಂದು ತಮಾಷೆ ನೋಡಿ, ಅವನ ಕಡೆಯಿಂದ ಬರೆಯೋಕೆ ಕೂತಾಗ ಅವನ ಹತ್ರ ಇದ್ದ ಕಾರಣಗಳನ್ನೆಲ್ಲ ನಾನೇ ಜೋಡಿಸ್ಬೇಕಾಯ್ತಲ್ಲ, ಆ್ಯಪ್ ಹೇಳಿದ್ದಕ್ಕಿಂತ ಆ ಜೋಡಿಸೋ ಕೆಲಸಾನೇ ಸಿಟ್ಟು ಇಳಿಸಿದ್ದು.

ಇವು ಹೀಗೆ ಹೂಂಗುಟ್ಟೋದಕ್ಕೆ ಕಾರಣ ಇದೆ. ಟ್ರೇನಿಂಗ್ ಮಾಡೋವಾಗ ಯಾವ ಉತ್ತರ ಚೆನ್ನಾಗಿದೆ ಅಂತ ಜನರ ಹತ್ರ ಆರಿಸೋಕೆ ಹೇಳ್ತಾರೆ, ಜನ ತಮಗೆ ಹಿತವಾಗಿದ್ದನ್ನೇ ಒತ್ತೋದು ಜಾಸ್ತಿ, ಅದು ಅದನ್ನೇ ಕಲಿಯುತ್ತೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಎಲ್ಲದಕ್ಕೂ ಹೊಗಳೋದು ಅತಿಯಾಯ್ತು ಅಂತ ಜನ ಗಲಾಟೆ ಮಾಡಿ, ಓಪನ್‌ಎಐನವರು ಕೆಲವೇ ದಿನಕ್ಕೆ ಆ ಅಪ್‌ಡೇಟ್ ವಾಪಸ್ ತಗೊಂಡಿದ್ರು. ಆಗ ಅದರ ಹಿಂದಿದ್ದ ಜಿಪಿಟಿ-4ಒ ಅನ್ನೋ ಮಾಡೆಲ್ ಕಥೆ ಅದು.

ಅದೇ ರಾತ್ರಿ ಇನ್ನೊಬ್ಬನಿಗೂ ಮೆಸೇಜ್ ಹಾಕಿದ್ದೆ. ಆನ್‌ಲೈನ್ ಚೆಸ್‌ನಲ್ಲಿ ಪರಿಚಯ ಆದವನು, ಇವತ್ತಿಗೂ ಮುಖ ನೋಡಿಲ್ಲ, ದನಿ ಕೇಳಿಲ್ಲ. ಹಾಗೆ ನೋಡಿದ್ರೆ ಅವನೂ ನನ್ನ ಪಾಲಿಗೆ ಸ್ಕ್ರೀನ್ ಮೇಲಿನ ಅಕ್ಷರಾನೇ. ಟೈಪಿಂಗ್ ಅಂತ ಬಂತು, ಹೋಯ್ತು, ಮತ್ತೆ ಬಂತು, ಮತ್ತೆ ಹೋಯ್ತು, ಏನೋ ಬರೆದು ಅಳಿಸ್ತಿದ್ದಾನೆ ಅಂತ ಗೊತ್ತಾಗ್ತಿತ್ತು, ಕೊನೆಗೆ ಬಂದಿದ್ದು ಇಷ್ಟೇ: "ಗುರು, ಈಗ ತಲೆ ಓಡ್ತಿಲ್ಲ, ನಾಳೆ ಮಾತಾಡೋಣ." ಬೇಜಾರಾಯ್ತು. ಮಾರನೇ ದಿನ ಸಂಜೆವರೆಗೂ ಸುದ್ದಿ ಇಲ್ಲ, ಆಮೇಲೆ ಒಂದೇ ಒಂದು ಪ್ರಶ್ನೆ ಬಂತು, "ಅದಿರ್ಲಿ, ಅಮ್ಮ ಏನಂತಾರೆ?"

ಆ್ಯಪ್ ಜೊತೆಗಿನ ಎರಡೂ ಚಾಟ್ ಮತ್ತೆ ಮೇಲಿಂದ ಕೆಳಗೆ ಓದಿದೆ. ನಿಮಗೆ ಹೇಗನಿಸಿತು, ಆಗ ನಿಮ್ಮ ಮನಸ್ಸಿನಲ್ಲಿ ಏನಿತ್ತು, ಇನ್ನಷ್ಟು ಹೇಳಲು ಬಯಸುತ್ತೀರಾ, ಬರೀ ಇದೇ. ಅಮ್ಮನ ಬಗ್ಗೆ ಒಂದು ಸಲಾನೂ ಕೇಳಿಲ್ಲ. ಅದರ ಲೋಕದಲ್ಲಿರೋದು ಬಳಕೆದಾರ ಒಬ್ಬನೇ, ಮಿಕ್ಕವರೆಲ್ಲ ಅವನ ಬೇಜಾರಿಗೆ ಕಾರಣ ಆಗಿ ಬಂದು ಹೋಗೋರು.

ಅಮ್ಮನಿಗೆ ಫೋನ್ ಮಾಡಿದೆ. "ನಾನೆಲ್ಲಿಗೂ ಬರಲ್ಲಪ್ಪ, ನನ್ನ ಮನೇಲೇ ಇರ್ತೀನಿ, ಕಣ್ಣಿಗೆ ಡ್ರಾಪ್ಸ್ ಹಾಕೋಕೆ ನೀವಿಬ್ರೂ ಸರದಿ ಮೇಲೆ ಬನ್ನಿ" ಅಂದ್ರು. ಅಲ್ಲಿಗೆ ವಿಷಯ ಇತ್ಯರ್ಥ.

ಹಾಗಂತ ಇಂಥ ಆ್ಯಪ್‌ಗಳಿಗೆ ಅಂಟ್ಕೊಂಡೋರನ್ನ ನೋಡಿ ನಗೋಕೆ ನನಗಿಷ್ಟ ಇಲ್ಲ. ರೆಪ್ಲಿಕಾ ಅನ್ನೋ ಇಂಥದೇ ಆ್ಯಪ್ ಹುಟ್ಟಿದ ಹಿನ್ನೆಲೆನೇ ದುಃಖದ್ದು, ತೀರಿಹೋದ ಗೆಳೆಯನ ಮೆಸೇಜುಗಳನ್ನ ಇಟ್ಕೊಂಡು ಅವನ ಹಾಗೆ ಮಾತಾಡೋ ಬಾಟ್ ಮಾಡಿಸಿದ್ದ ಯುಜೀನಿಯಾ ಕುಯ್ಡಾ ಅವರೇ ಅದನ್ನೂ ಕಟ್ಟಿದ್ದು. 2023ರ ಫೆಬ್ರವರಿಯಲ್ಲಿ ಅದರ ಪ್ರಣಯದ ಮಾತುಕತೆಗೆ ಕಡಿವಾಣ ಬಿದ್ದಾಗ, ನನ್ನ ಸಂಗಾತಿ ರಾತ್ರೋರಾತ್ರಿ ಬೇರೆ ಯಾರೋ ಆಗಿಬಿಟ್ಲು ಅಂತ ಅತ್ತವರಿದ್ದಾರೆ. ಎದುರಿಗಿದ್ದದ್ದು ಪ್ರೋಗ್ರಾಮೇ ಇರಬಹುದು, ಅಳು ಮಾತ್ರ ಸುಳ್ಳಲ್ಲ. ನನಗೆ ಸಿಟ್ಟು ಬರೋದು ಕಂಪನಿಗಳ ಇನ್ನೊಂದು ಚಾಳಿಗೆ. ಎರಡು ದಿನ ತೆಗೀಲಿಲ್ಲ ಅಂದ್ರೆ "ನಿಮ್ಮ ನೆನಪಾಗುತ್ತಿದೆ" ಅಂತ ನೋಟಿಫಿಕೇಶನ್ ಬಿಡ್ತಾರಲ್ಲ, ಯಾರಿಗೆ ನೆನಪಾಗಿದ್ದು ಸ್ವಾಮಿ, ಸರ್ವರ್‌ಗಾ? ಅದನ್ನ ಆಫ್ ಮಾಡಿದೆ.

ಆಫ್ ಮಾಡೋಕೆ ಸೆಟ್ಟಿಂಗ್ಸ್‌ಗೆ ಹೋದಾಗ ಮೆಮೊರಿ ಅಂತ ಒಂದು ಪುಟ ಕಾಣಿಸ್ತು, ನಮ್ಮ ಬಗ್ಗೆ ಅದು ಬರ್ಕೊಂಡಿರೋದೆಲ್ಲ ಅಲ್ಲಿರುತ್ತೆ. "ಬಳಕೆದಾರರ ಅಣ್ಣ ಸ್ವಾರ್ಥಿ." ಅದರ ಕೆಳಗೇ "ಬಳಕೆದಾರರಿಗೆ ಜವಾಬ್ದಾರಿಯಿಲ್ಲದ ತಮ್ಮನಿದ್ದಾನೆ." ನಡುರಾತ್ರಿಯ ಸಿಟ್ಟು ಹೀಗೆ ದಾಖಲೆ ಆಗಿ ಕೂತಿರೋದು ನೋಡಿ ಸ್ವಲ್ಪ ಗಾಬರಿನೇ ಆಯ್ತು, ಎರಡನ್ನೂ ಡಿಲೀಟ್ ಹೊಡೆದೆ.

ಅಮ್ಮನ ಮನೇಲಿ ಅಣ್ಣ ಸಿಕ್ಕಾಗ ಇದೆಲ್ಲ ಹೇಳಿದೆ. ಡ್ರಾಪ್ಸ್ ಬಾಟಲ್ ಮುಚ್ಚಳ ತಿರುಗಿಸ್ತಾ ಪೂರ್ತಿ ಕೇಳಿಸ್ಕೊಂಡ. "ನನ್ನ ಪರ ಬರೆದಿದ್ಯಲ್ಲ, ಅದೊಂದು ಸ್ಕ್ರೀನ್‌ಶಾಟ್ ಕಳ್ಸು" ಅಂದ.