ಹದಿಮೂರು ಸೆಕೆಂಡಿನ ಬಕೆಟ್ಟು

ಏಪ್ರಿಲ್ 12, 2025, ಶನಿವಾರ
ಕುಣಿಗಲ್ ಹತ್ತಿರ, ತಮ್ಮನ ತೋಟ. ರಾತ್ರಿ 12.20

ಪೂಲು ಇನ್ನೂ ತುಂಬಿಲ್ಲ. "ಮಧ್ಯಾಹ್ನ ಹನ್ನೆರಡಕ್ಕೆ ತುಂಬುತ್ತೆ" ಅಂತ ಬೆಳಿಗ್ಗೆ ಹಾಲಿನ ಚೀಟಿ ಹಿಂದೆ ಲೆಕ್ಕ ಬರೆದುಕೊಟ್ಟವಳು ನಾನೇ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಆ ಚೀಟಿಯನ್ನು ತಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದ್ದಾನೆ.

ಬೆಂಗಳೂರಿನಿಂದ ಶನಿವಾರ, ಭಾನುವಾರ ಬರುವವರಿಗೆ ತೋಟದ ಮನೆ ಬಾಡಿಗೆಗೆ ಕೊಡಬೇಕು ಅಂತ ಅವನ ಆಸೆ. ಪೂಲ್ ಇಲ್ಲದಿದ್ದರೆ ಯಾರೂ ಫೋನೇ ಮಾಡಲ್ಲವಂತೆ. ಹಾಗಾಗಿ ತೆಂಗಿನ ಸಾಲಿನ ಪಕ್ಕ 24 ಅಡಿ ಉದ್ದ, 12 ಅಡಿ ಅಗಲದ್ದೊಂದು ಕಟ್ಟಿಸಿದ. ನಿನ್ನೆ ನಾನು ಬರುವಷ್ಟರಲ್ಲಿ ಅವನ ಲೆಕ್ಕವೂ ಮುಗಿದಿತ್ತು: 45,000 ಲೀಟರು. ಹೇಗೋ ಅಂದೆ. ಆಳದ ಕಡೆ ಟೇಪು ಬಿಟ್ಟು ಐದೂವರೆ ಅಡಿ ಅಂತ ಬರೆದುಕೊಂಡು, ಮೂರನ್ನೂ ಗುಣಿಸಿ, ಘನ ಅಡಿಗೆ 28.3 ಲೀಟರು ಹಾಕಿದ್ದ. ನೆಲ ಇಳಿಜಾರು ಅನ್ನೋದು ಮರೆತಿದ್ದ. ಅಂಚಿನ ತನಕ ನೀರು ತುಂಬಲ್ಲ, ಅರ್ಧ ಅಡಿ ಬಿಡಬೇಕು ಅನ್ನೋದನ್ನೂ ಮರೆತಿದ್ದ. ನೀರು ನಿಲ್ಲೋದು ಒಂದು ಕಡೆ 3 ಅಡಿ, ಇನ್ನೊಂದು ಕಡೆ 5. ಸರಾಸರಿ 4. ಅಂದರೆ 1,152 ಘನ ಅಡಿ, ಸುಮಾರು 32,600 ಲೀಟರು. ಒಂದೇ ಏಟಿಗೆ ಎರಡು ಟ್ಯಾಂಕರ್ ನೀರು ಉಳಿಸಿದೆ ಅಂತ ಬೀಗಿದೆ.

ಬೆಳಿಗ್ಗೆ ಆರಕ್ಕೆ ಬೋರಿನ ಮೋಟರ್ ಓಡಿಸೋ ತ್ರೀ ಫೇಸ್ ಕರೆಂಟು ಬಂತು. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ಟನ್ನು ಪೈಪಿನ ಬಾಯಿಗೆ ಹಿಡಿದು ಮೊಬೈಲಿನಲ್ಲಿ ಸೆಕೆಂಡು ಎಣಿಸಿದೆವು. ಮೂರು ಸಲ. 13, 12, 13. ಗಂಟೆಗೆ 5,500 ಲೀಟರು ಅಂತಾಯಿತು. 32,600ಕ್ಕೆ ಆರು ಗಂಟೆ. ಚೀಟಿ ಬರೆದದ್ದು ಆಗಲೇ.

ಏಳನೇ ಕ್ಲಾಸಿನ ಸೊಸೆ ಅಷ್ಟಕ್ಕೆ ಬಿಡಲಿಲ್ಲ. ಇಪ್ಪತ್ತು ನಿಮಿಷ ಆಗಿರಬೇಕು, ಸ್ಕೇಲು ಹಿಡಿದು ಓಡಿಬಂದಳು. "ಅತ್ತೆ, ಆಳದ ಕಡೆ ಆಗಲೇ ಒಂದಡಿ ಬಂದಿದೆ! ಐದಡಿಗೆ ಎರಡು ಗಂಟೆನೂ ಬೇಡ!" ಹುಡುಗಿ ನೋಡಿದ್ದು ಸರಿಯೇ. ಇಳಿಜಾರು ನೆಲದಲ್ಲಿ ನೀರು ಮೊದಲು ತಗ್ಗಿನ ಮೂಲೆಯಲ್ಲಿ ನಿಲ್ಲುತ್ತೆ, ಅಲ್ಲಿ ಜಾಗ ಕಡಿಮೆ. ಮೊದಲ ಒಂದಡಿಗೆ ಬೇಕಾದ್ದು ಬರೀ 2,000 ಲೀಟರು. ಎರಡನೇ ಅಡಿಗೆ 6,000ಕ್ಕೂ ಜಾಸ್ತಿ. ನೆಲ ಪೂರ್ತಿ ಮುಚ್ಚಿದ ಮೇಲೆ ಒಂದೊಂದು ಇಂಚಿಗೂ 680 ಲೀಟರು ಸುರಿಯಲೇಬೇಕು. ಕಡ್ಡಿಯಲ್ಲಿ ಮಣ್ಣಿನ ಮೇಲೆ ಚಿತ್ರ ಬಿಡಿಸಿ ತೋರಿಸಿದೆ. ಅವಳಿಗೆ ಅರ್ಥವಾಯಿತು. ಅವಳಪ್ಪನಿಗೆ ಆಗಲಿಲ್ಲ ಅಂತ ಕಾಣುತ್ತೆ, ಎರಡು ಗಂಟೆಯ ಲೆಕ್ಕವೇ ಅವನಿಗೆ ಇಷ್ಟವಾಗಿತ್ತು.

ನೆಲ ಮುಚ್ಚಿದ್ದು 7.40ಕ್ಕೆ. ಪೈಪಿನ ಸದ್ದು ಯಾಕೋ ತೆಳುವಾದಂತೆ ಅನ್ನಿಸಿತು. ಎಂಟಕ್ಕೆ ಮತ್ತೆ ಬಕೆಟ್ ಹಿಡಿದೆ: 18 ಸೆಕೆಂಡು. ಹತ್ತು ಗಂಟೆಗೆ 26.

ಪೂಲಿನ ಅಳತೆ ನಾನು ತಪ್ಪಲಿಲ್ಲ. ಬೋರನ್ನು ನಲ್ಲಿ ಅಂದುಕೊಂಡೆ, ಎಡವಿದ್ದು ಅಲ್ಲಿ. ಪಾಠದ ನಲ್ಲಿ ಮೊದಲ ನಿಮಿಷ ಹೇಗೋ ಕೊನೆಯ ನಿಮಿಷವೂ ಹಾಗೇ ಸುರಿಯುತ್ತೆ. ಬೋರಿನಲ್ಲಿ ರಾತ್ರಿಯೆಲ್ಲ ಏರಿ ನಿಂತ ನೀರು ಮೊದಲು ಜೋರಾಗಿ ಬರುತ್ತೆ. ಅದೆಷ್ಟು ಅಂತ ನೋಡಿದರೆ, ಆರೂವರೆ ಇಂಚಿನ ಬೋರಿನಲ್ಲಿ ಒಂದಡಿಗೆ ಆರೂವರೆ ಲೀಟರು, 200 ಅಡಿ ನಿಂತಿದ್ದರೂ 1,300 ಲೀಟರು! ಆಮೇಲೆ ಮಟ್ಟ ಇಳೀತಾ ಹೋಗುತ್ತೆ, ಅಷ್ಟು ಕೆಳಗಿಂದ ಎತ್ತಬೇಕಾದಾಗ ಅದೇ ಮೋಟರ್ ಎತ್ತೋದೂ ಕಡಿಮೆ.

"ಎರಡೂವರೆ ಇಂಚು ನೀರು ಸಿಕ್ಕಿದ ಬೋರು ಕಣಕ್ಕ ಇದು" ಅಂದ ತಮ್ಮ. ಆ ಇಂಚು ಪೈಪಿನದಲ್ಲ. ಬೋರ್ ಕೊರೆದ ದಿನ ವಿ ಆಕಾರದ ಕಂಡಿಯಲ್ಲಿ ನೀರು ಎಷ್ಟು ಎತ್ತರ ಹರಿಯಿತು ಅನ್ನೋದು. ಅದಕ್ಕೇ ಅರ್ಧ ಇಂಚು ಅಂದರೆ ಸಣ್ಣ ಮಾತಲ್ಲ. ಎರಡೂವರೆ ಇಂಚು ಗಂಟೆಗೆ ಸುಮಾರು 5,000 ಲೀಟರು, ಎರಡು ಇಂಚು 3,000ಕ್ಕೂ ಕಮ್ಮಿ. ಹತ್ತು ಗಂಟೆಯ ಬಕೆಟ್ಟಿನ ಪ್ರಕಾರ ನಮ್ಮದು ಎರಡೇ ಇಂಚು.

ಹತ್ತಕ್ಕೆ ತ್ರೀ ಫೇಸೂ ಹೋಯಿತು. ಆಳ ಕಡಿಮೆ ಇರೋ ಕಡೆ 12 ಇಂಚು ನೀರು. ಲೆಕ್ಕ ಹಾಕಿದರೆ 16,300 ಲೀಟರು, ಸರಿಯಾಗಿ ಅರ್ಧ. ತಮ್ಮ ಟ್ಯಾಂಕರಿನವನಿಗೆ ಫೋನು ಹಚ್ಚಿದ, 6,000 ಲೀಟರಿನ ಮೂರು ಲೋಡು ಕೇಳೋಣ ಅಂತ. ಅಮ್ಮ ಅಡುಗೆಮನೆಯಿಂದಲೇ, "ನೀರು ಇರೋ ತೋಟಕ್ಕೆ ಟ್ಯಾಂಕರ್ ಬಂದರೆ ಊರವರು ಏನಂತಾರೋ" ಅಂದಳು. ಅವನು ಫೋನು ಇಟ್ಟ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ತನ್ನ ಲೆಕ್ಕ ಹೇಳಿದಳು. ಗಿಡಕ್ಕೆ ದಿನಕ್ಕೆ 50 ಲೀಟರು, 160 ತೆಂಗು. ಪೂಲಿಗೆ ಸುರಿಯೋದು ನಾಲ್ಕು ದಿನದ ನೀರು. ತೆಂಗಿಗೆ ಅಂತ ಪುಕ್ಕಟೆ ಕೊಟ್ಟ ಕರೆಂಟು ಬೇರೆ. ನಾನು ಅನ್ನ ಕಲಸುತ್ತಾ ಸುಮ್ಮನಿದ್ದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಾಗ ಭಲೇ ಅಂದವಳು ನಾನು. ಇಲ್ಲಿ ಬಕೆಟ್ ಹಿಡಿದು ನಿಂತಿದ್ದೀನಿ.

ರಾತ್ರಿ ಒಂಬತ್ತಕ್ಕೆ ಕರೆಂಟು ಬಂತು. ಹನ್ನೊಂದು ಗಂಟೆ ವಿಶ್ರಾಂತಿ ಸಿಕ್ಕಿದ ಬೋರು ಮತ್ತೆ 14 ಸೆಕೆಂಡಿಗೆ ಬಕೆಟ್ ತುಂಬಿಸಿತು. ಈ ಸಲ ನಾನು ಯಾರಿಗೂ ಚೀಟಿ ಬರೆದುಕೊಡಲಿಲ್ಲ. ಹನ್ನೆರಡಕ್ಕೆ ಕರೆಂಟು ಹೋದಾಗ ಟಾರ್ಚ್ ಹಿಡಿದು ಅದೇ ಕಡೆ ಅಳೆದೆವು: 31 ಇಂಚು. ಮೋಟರ್ ಓಡಿದ್ದು ಒಟ್ಟು ಏಳು ಗಂಟೆ, ಕಳೆದದ್ದು ಹದಿನೆಂಟು ಗಂಟೆ, ಇನ್ನೂ ಐದು ಇಂಚು ಬಾಕಿ.

ಸೊಸೆ ಈಜುಡುಗೆ ಹಾಕಿಕೊಂಡೇ ಸೋಫಾದ ಮೇಲೆ ನಿದ್ದೆ ಹೋಗಿದ್ದಾಳೆ. ನಾಳೆ ಬೆಳಗಿನ ಕರೆಂಟು ತೆಂಗಿಗೆ ಅಂತ ಅಮ್ಮ ಹೇಳಿಬಿಟ್ಟಿದ್ದಾಳೆ. ಪೂಲಿನ ಪೈಪಿನ ಗೇಟ್ ವಾಲ್ವ್ ಮುಚ್ಚಿ ಬಂದು ಇದನ್ನು ಬರೀತಿದ್ದೀನಿ.